ಹಸಿರು ತೂತು, ಶುಕ್ರವಾರದ ಪರೀಕ್ಷೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಂಪ್ಯೂಟರ್ ಜೋಡಿಸುವ ಉಮೇಶ ಹೇಳುತ್ತಾನೆ. ಕುಮಟೆಯಲ್ಲಿ ಅರ್ಧ ಊರಿಗೆ ಈಗಾಗಲೇ ಹೇಳಿಯೂ ಆಗಿದೆ. ಹೇಳಿಕೊಳ್ಳಲಿ. ಆದರೆ ಅವನು ಹೇಳುವುದು ಕಥೆಯ ಅರ್ಧವನ್ನು ಮಾತ್ರ. ಉಳಿದರ್ಧ ಹೇಳಿದರೆ ತನ್ನ ಮುಖ ಎಲ್ಲಿಟ್ಟುಕೊಳ್ಳಬೇಕು ಎಂದು ಅವನಿಗೆ ಗೊತ್ತಿಲ್ಲ. ಹಾಗಾಗಿ ಪೂರ್ತಿ ಕಥೆಯನ್ನು ನಾನೇ ಹೇಳುತ್ತೇನೆ.

ನಾನು ಹೊನ್ನಮ್ಮ. ಕುಮಟೆ ಬಸ್‌ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದವಳು. ಊರವರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಾರೆ. ಪಾಠ ಹೇಳುವ ಹೆಂಗಸಿಗೆ ನಮ್ಮಲ್ಲಿ ಹಾಗೇ ಕರೆಯುವುದು. ನನಗೆ ಸಿಟ್ಟು ಜಾಸ್ತಿ ಎಂದೂ ಹೇಳುತ್ತಾರೆ, ಅದೂ ಸುಳ್ಳಲ್ಲ. ಕಲಿಯಲು ಬಂದವರ ಕೈಯ ಮೇಲೆ ಮೊದಲ ದಿನವೇ ರಟ್ಟಿನ ಮರೆ ಕೂರಿಸುತ್ತೇನೆ. ಕೀಲಿಮಣೆ ಕಾಣಬಾರದು. ಅಕ್ಷರ ಹುಡುಕಿ ಹುಡುಕಿ ಒತ್ತುವುದನ್ನು ನಾನು ಟೈಪಿಂಗ್ ಎನ್ನುವುದಿಲ್ಲ. ಯಾರಾದರೂ ಬಗ್ಗಿ ಇಣುಕಿದರೆ ಸ್ಕೇಲಿನಲ್ಲಿ ಮೇಜು ಕುಟ್ಟುತ್ತೇನೆ.

ಹಳದೀಪುರದ ಗಣಪಿ ತನ್ನ ಮಗಳು ಬಂಗಾರಿಯ ಕೈ ಹಿಡಿದು ನನ್ನ ಮೆಟ್ಟಿಲು ಹತ್ತಿಸಿಕೊಂಡು ಬಂದದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ. ಗಣಪಿ ತೆಂಗಿನ ತೋಟದ ಕೂಲಿಗೆ ಹೋಗುವವಳು. ಬಾಗಿಲ ಹೊರಗೇ ನಿಂತು ಮಾತಾಡಿದಳು.

"ಅಕ್ಕೋರೆ, ಇವ್ಳಿಗೆ ಹುಟ್ಟಿದಾಗಿಂದ ಕಣ್ಣು ಕಾಣೂದಿಲ್ಲ. ಕುರುಡ್ರ ಶಾಲೆಲಿ ಪಿಯುಸಿ ಮುಗ್ಸಿ ಬಂದಿದ್ಲು. ಟೈಪಿಂಗ್ ಕಲಿಸ್ತ್ರಾ?"

"ನನ್ನಲ್ಲಿ ಮೊದ್ಲ ಮೂರು ತಿಂಗ್ಳು ಯಾರಿಗೂ ಎಂತದೂ ಕಾಣೂದಿಲ್ಲ," ಎಂದೆ. "ಒಳಗೆ ಬಂದು ಕೂತ್ಕಳ್ಳೂಕೆ ಹೇಳು."

ಆರು ತಿಂಗಳಲ್ಲಿ ಬಂಗಾರಿ ಕಣ್ಣಿದ್ದವರನ್ನೆಲ್ಲ ಹಿಂದೆ ಹಾಕಿದಳು. ಅವಳಿಗೆ ಇದ್ದ ತೊಡಕು ಒಂದೇ. ತಾನು ಹೊಡೆದದ್ದನ್ನು ತಾನೇ ಓದಿ ನೋಡಲು ಆಗುತ್ತಿರಲಿಲ್ಲ. ಪ್ರತಿ ಹಾಳೆಯನ್ನೂ ಯಾರಾದರೂ ಓದಿ ಹೇಳಬೇಕು, ಓದಿ ಹೇಳುವವರನ್ನು ಯಾವ ಆಫೀಸಿನವರೂ ಜೊತೆಗೆ ಕೊಡುವುದಿಲ್ಲ. ಹಾಗಾಗಿ ಟೈಪಿಂಗಿನ ಕೆಲಸ ಸಿಗಲಿಲ್ಲ. ಅಂಗವಿಕಲರ ಕೋಟಾದಲ್ಲಿ ಹಳದೀಪುರದ ಹೈವೇ ಬದಿಗೆ ಒಂದು ಎಸ್‌ಟಿಡಿ ಬೂತ್ ಸಿಕ್ಕಿತು. ನಾಲ್ಕು ವರ್ಷ ನಡೆಸಿದಳು. ಅಷ್ಟರಲ್ಲಿ ತೆಂಗಿನಕಾಯಿ ಕೊಯ್ಯುವವನ ಕಿಸೆಯಲ್ಲೂ ಮೊಬೈಲ್ ಬಂತು, ಬೂತಿನ ಗಾಜಿನ ಕೋಣೆಯೊಳಗೆ ಪಕ್ಕದ ಮನೆಯ ಕೋಳಿ ಬಂದು ಮಲಗತೊಡಗಿತು.

ಆಗ ಬಂತು ಹೊನ್ನಾವರದ ಸುದ್ದಿ. ಅಲ್ಲಿಯ ತೆಂಗು ಬೆಳೆಗಾರರ ಸಹಕಾರಿ ಸಂಘದಲ್ಲಿ ಅಂಧರಿಗೆಂದೇ ಮೀಸಲಿಟ್ಟ ಒಂದು ಹುದ್ದೆ ಆರು ವರ್ಷದಿಂದ ಖಾಲಿ ಇತ್ತು. ಫೋನು ಎತ್ತುವುದು, ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು. ತುಂಬಿಸಿ ಎಂದು ಸರ್ಕಾರದಿಂದ ಮತ್ತೆ ಮತ್ತೆ ಕಾಗದ ಬರುತ್ತಿತ್ತು. ಸಂಘದ ಕಾರ್ಯದರ್ಶಿ ನಾಗಪತಿ ಪ್ರತಿ ಸಲವೂ ಯೋಗ್ಯರು ಸಿಗಲಿಲ್ಲ ಎಂದು ಉತ್ತರ ಬರೆದು ಕೈತೊಳೆದುಕೊಳ್ಳುತ್ತಿದ್ದ. ಈ ಸಲ ಬಂಗಾರಿ ಅರ್ಜಿ ಹಾಕಿದಳು. ನಾಗಪತಿ ಅವಳನ್ನು ಕರೆಸಿ, ಕಂಪ್ಯೂಟರಿನಲ್ಲಿ ನಮ್ಮ ಪತ್ರ ಓದಿ ತೋರಿಸು, ಒಂದು ಪತ್ರ ಬರೆದು ತೋರಿಸು, ಆಮೇಲೆ ನೋಡುವಾ ಎಂದ. ನಿನಗೆ ಬೇಕಾದಂಥ ಕಂಪ್ಯೂಟರ್ ನಮ್ಮಲ್ಲಿಲ್ಲ, ನಿನ್ನದೇ ತಾ ಎಂದೂ ಸೇರಿಸಿದ. ಪರೀಕ್ಷೆಯ ದಿನ ಅಕ್ಟೋಬರ್ ಹದಿಮೂರು, ಶುಕ್ರವಾರ. ಅವಳು ಹೂಂ ಎಂದು ಬಂದಳು.

ಹೂಂ ಎನ್ನಲು ಅವಳಿಗೆ ಕಾರಣವಿತ್ತು. ಆ ಬೇಸಿಗೆಯಲ್ಲಿ ಧಾರವಾಡದಲ್ಲಿ ಅಂಧರಿಗಾಗಿ ಒಂದು ತಿಂಗಳ ಕಂಪ್ಯೂಟರ್ ತರಬೇತಿ ನಡೆದಿತ್ತು. ಅಲ್ಲಿ ವಿಂಡೋಸಿನ ಬದಲು ಹಾಕಿಕೊಳ್ಳುವ, ಪುಕ್ಕಟೆ ಸಿಗುವ ಲಿನಕ್ಸ್ ಕಲಿಸಿದ್ದರು. ಪರದೆಯ ಮೇಲೆ ಏನು ಬಂದರೂ ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಂ ಅದರೊಳಗೇ ಇರುತ್ತದೆ, ಯಾರಿಗೂ ಕಾಸು ಕೊಡಬೇಕಾಗಿಲ್ಲ. ವಿಂಡೋಸಿನಲ್ಲಿ ಅಂಥದ್ದು ಬೇಕೆಂದರೆ ನನ್ನ ಇನ್‌ಸ್ಟಿಟ್ಯೂಟನ್ನೇ ಮಾರಬೇಕಿತ್ತು. ಹೊರಡುವಾಗ ಎಲ್ಲರಿಗೂ ಒಂದೊಂದು ಸಿಡಿ ಕೊಟ್ಟಿದ್ದರು. ಬಂಗಾರಿ ಅದನ್ನು ಸೀರೆಯ ಮಡಿಕೆಯಲ್ಲಿಟ್ಟು ಕಾಪಾಡಿಕೊಂಡಿದ್ದಳು. ಅವಳ ಹತ್ತಿರ ಸಿಡಿ ಇತ್ತು, ಕಂಪ್ಯೂಟರ್ ಇರಲಿಲ್ಲ.

ಕಂಪ್ಯೂಟರ್ ನಾನು ತರಿಸಿದೆ. ಹೇಗೂ ಇನ್‌ಸ್ಟಿಟ್ಯೂಟಿಗೆ ಒಂದು ಬೇಕಾಗಿತ್ತು. ಊರಿನಲ್ಲಿ ಬಿಡಿಭಾಗ ಜೋಡಿಸಿ ಕೊಡುವವನು ಉಮೇಶ. ಅವನು ಆಯುಧ ಪೂಜೆಯ ದಿನ ಬೆಳಿಗ್ಗೆ ರಿಕ್ಷಾದಲ್ಲಿ ತಂದು ಮೇಜಿನ ಮೇಲಿಟ್ಟು, ವಿಂಡೋಸ್ ಹಾಕಿಕೊಡಲಾ ಎಂದು ಕೇಳಿದ. ಬೇಡ, ಲಿನಕ್ಸ್ ಹಾಕುತ್ತೇವೆ ಎಂದೆ.

"ಅಕ್ಕೋರೆ, ಆ ಪುಕ್ಕಟೆ ಮಾಲು ಎಂತಕ್ಕೆ? ಅದ್ರಲ್ಲಿ ಸೌಂಡೇ ಬರೂದಿಲ್ಲ."

"ನೀನು ಹಾಕ್ಕೊಡೂದಾದ್ರೂ ಎಂತದು, ಕದ್ದ ಸಿಡಿ," ಎಂದೆ. ಅವನು ಹಲ್ಲು ಕಿರಿದು, ಸ್ವಿಚ್ ಹಾಕಿ ತೋರಿಸುತ್ತೇನೆ ಎಂದು ಕೈ ಚಾಚಿದ. ನಾನು ಅವನ ಕೈಯನ್ನು ತಡೆದೆ. ಹೊಸ ಯಂತ್ರ ಮನೆಗೆ ಬಂದರೆ ಪೂಜೆ ಆಗದೆ ಅದನ್ನು ಚಾಲೂ ಮಾಡುವುದಿಲ್ಲ. ಹೊಲಿಗೆ ಮಷಿನ್ನಿರಲಿ, ಮಿಕ್ಸರಿರಲಿ, ನಮ್ಮಲ್ಲಿ ಅದೇ ಪದ್ಧತಿ. ಉಮೇಶನೂ ಹಾಗೇ ಬೆಳೆದವನು, ಆತು ಆತು ಎಂದು ಹೊರಟುಹೋದ.

ಪೂಜೆ ಮಾಡಿದೆ. ಟೈಪ್‌ರೈಟರುಗಳಿಗೆ ಪ್ರತಿ ವರ್ಷ ಮಾಡುವ ಹಾಗೆಯೇ ಗಂಧ, ಕುಂಕುಮ, ಅಕ್ಷತೆ, ಸೇವಂತಿಗೆ ಹೂವು. ಟೈಪ್‌ರೈಟರಿನಲ್ಲಿ ಹೂ ಸಿಕ್ಕಿಸಲು ಸಂದುಗೊಂದು ಬೇಕಾದಷ್ಟಿದೆ. ಈ ಡಬ್ಬಿಯ ಮೈ ನುಣ್ಣಗೆ, ಎಲ್ಲಿಟ್ಟರೂ ಹೂವು ಜಾರುತ್ತಿತ್ತು. ಹಿಂದುಗಡೆ ತಿರುಗಿಸಿ ನೋಡಿದರೆ ಸಾಲಾಗಿ ಮೂರು ದುಂಡನೆಯ ತೂತು: ನೀಲಿ, ಹಸಿರು, ಗುಲಾಬಿ. ನನಗೆ ಖುಷಿಯಾಯಿತು. ಮೂರಕ್ಕೂ ಗಂಧದ ಬೊಟ್ಟಿಟ್ಟು ಒಂದೊಂದು ಸೇವಂತಿಗೆ ಸಿಕ್ಕಿಸಿದೆ. ಮರುದಿನ ಬಾಡಿದ ಹೂವನ್ನೆಲ್ಲ ಕಿತ್ತು ತೆಗೆದೆ.

ಆಮೇಲೆ ಸಿಡಿ ಹಾಕಿದೆವು. ಬಂಗಾರಿ ಹೇಳುತ್ತಾ ಹೋದಳು, ನಾನು ಪರದೆ ನೋಡುತ್ತಾ ಒತ್ತುತ್ತಾ ಹೋದೆ. ಒಂದು ಗಂಟೆಯಲ್ಲಿ ಲಿನಕ್ಸ್ ಬಂದು ಕೂತಿತು. ಬಣ್ಣ ಬಂತು, ಮೌಸ್ ಓಡಿತು, ಎಲ್ಲ ಸರಿ. ಓದುವ ಪ್ರೋಗ್ರಾಂ ಚಾಲೂ ಆಯಿತು ಎಂದು ಪರದೆ ತೋರಿಸಿತು. ಬಂಗಾರಿ ತಲೆ ಓರೆ ಮಾಡಿ ಕಾದಳು.

"ಎಂತ ಹೇಳ್ತು ಅಕ್ಕೋರೆ?"

"ಎಂತದೂ ಇಲ್ಲ."

ಸ್ಪೀಕರಿನಿಂದ ಉಸಿರೂ ಬರಲಿಲ್ಲ.

ನಾನು ಕಂಪ್ಯೂಟರ್ ಓದಿದವಳಲ್ಲ. ಆದರೆ ಟೈಪ್‌ರೈಟರ್ ಕೆಟ್ಟರೆ ರಿಪೇರಿಯವನನ್ನು ಕಾಯದೆ ನಾನೇ ಬಿಚ್ಚಿ ಕೂರುವವಳು. ಒಂದೊಂದೇ ಭಾಗ ನೋಡಿ, ಇದು ಸರಿ, ಇದು ಸರಿ ಎಂದು ಪಕ್ಕಕ್ಕಿಡುತ್ತಾ ಹೋದರೆ ಕೊನೆಗೆ ಕೆಟ್ಟದ್ದು ಉಳಿಯುತ್ತದೆ. ಅದೇ ಲೆಕ್ಕದಲ್ಲಿ ಇದನ್ನೂ ಹಿಡಿದೆ. ಸೈಬರ್ ಕೆಫೆಗೆ ಹೋಗಿ ಕೂತು, ಲಿನಕ್ಸಿನಲ್ಲಿ ಸೌಂಡ್ ಬರದಿದ್ದರೆ ಏನು ಮಾಡಬೇಕು ಎಂದು ಹುಡುಕಿದೆ. ಹೌದಪ್ಪ, ಇಡೀ ಲೋಕಕ್ಕೇ ಇದೇ ಗೋಳು. ಜರ್ಮನಿಯವನೂ ಅಳುತ್ತಿದ್ದ, ಬ್ರೆಜಿಲಿನವನೂ ಅಳುತ್ತಿದ್ದ. ಹನ್ನೊಂದು ಹಾಳೆ ಪ್ರಿಂಟ್ ಹಾಕಿಸಿಕೊಂಡು ಬಂದೆ.

ಮೊದಲು, ಒಳಗೆ ಸೌಂಡ್ ಕಾರ್ಡ್ ಇದೆಯೆಂದು ಲಿನಕ್ಸಿಗೆ ಗೊತ್ತಿದೆಯೇ ನೋಡಬೇಕು. ಕಪ್ಪು ಪರದೆಯಲ್ಲಿ ಒಂದು ಆಜ್ಞೆ ಕೊಟ್ಟರೆ ಒಳಗಿನ ಭಾಗಗಳ ಪಟ್ಟಿ ಬರುತ್ತದೆ. ಬಂತು, ಅದರಲ್ಲಿ ಕಾರ್ಡಿನ ಹೆಸರೂ ಇತ್ತು. ಎರಡನೆಯದು, ಕಾರ್ಡನ್ನು ದುಡಿಸುವ ಡ್ರೈವರ್ ಬಂದು ಕೂತಿದೆಯೇ ನೋಡಬೇಕು. ಅದೂ ಇತ್ತು. ಮೂರನೆಯದನ್ನು ಓದಿ ನನಗೆ ನೆತ್ತಿ ಬಿಸಿಯಾಯಿತು. ಲಿನಕ್ಸಿನಲ್ಲಿ ಸೌಂಡನ್ನು ಎಷ್ಟೋ ಸಲ ಮೊದಲೇ ಬಾಯಿ ಕಟ್ಟಿ ಇಟ್ಟಿರುತ್ತಾರಂತೆ, ನಾವೇ ಹೋಗಿ ಬಿಚ್ಚಬೇಕಂತೆ. ಸೌಂಡ್ ಹೆಚ್ಚುಕಮ್ಮಿ ಮಾಡುವ ಮಿಕ್ಸರ್ ಎಂಬುದನ್ನು ಪರದೆಯ ಮೇಲೆ ತೆರೆದು ನೋಡಿದರೆ ಸಾಲಾಗಿ ಕಂಬಗಳು, ಪ್ರತಿ ಕಂಬದ ಬುಡದಲ್ಲೂ ಮ್ಯೂಟ್ ಎಂಬ ಗುರುತು.

"ಹುಟ್ಟಿದ ಕೂಸಿನ ಬಾಯಿಗೆ ಬಟ್ಟೆ ತುರುಕಿ ಕೊಡೂದು ಯಾವ ಸೀಮೆ ರಿವಾಜು?" ಎಂದು ಬೈಯುತ್ತಾ ಒಂದೊಂದನ್ನೇ ಬಿಚ್ಚಿದೆ. ಕಂಬಗಳೆಲ್ಲ ಹಸಿರಾಗಿ ಮೇಲೇರಿದವು. ಬಂಗಾರಿ ಕುರ್ಚಿಯ ತುದಿಗೆ ಬಂದು ಕೂತಳು.

ಆಗಲೂ ಸೌಂಡ್ ಬರಲಿಲ್ಲ.

ಸ್ಪೀಕರಿನದೇ ದೋಷವಿರಬೇಕೆಂದು ಅದರ ವಯರನ್ನು ನನ್ನ ಹಳೆಯ ವಾಕ್‌ಮನ್ನಿಗೆ ಚುಚ್ಚಿದೆ. ಭಜನೆ ಗಟ್ಟಿಯಾಗಿ ಕೇಳಿತು. ಸ್ಪೀಕರ್ ಸರಿ. ಕಂಪ್ಯೂಟರಿನಲ್ಲಿ ಸ್ಪೀಕರಿಗೆಂದೇ ಇರುವ ಹಸಿರು ತೂತಿಗೆ ಮರಳಿ ಚುಚ್ಚಿದರೆ ಸದ್ದಿಲ್ಲ. ಹೀಗೆ ಒಂದು ವಾರ ಹೋಯಿತು. ಹನ್ನೊಂದು ಹಾಳೆಯಲ್ಲಿದ್ದದ್ದನ್ನೆಲ್ಲ ಎರಡೆರಡು ಸಲ ಮಾಡಿದೆ. ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ದಿನಾ ಬಂಗಾರಿ ಬಸ್ಸಿನಲ್ಲಿ ಬಂದು, ಮೂಕ ಯಂತ್ರದ ಎದುರು ಕೂತು, ಧಾರವಾಡದಲ್ಲಿ ಕಲಿತ ಕೀಲಿಗಳನ್ನು ಮರೆಯದ ಹಾಗೆ ಒತ್ತಿ ಒತ್ತಿ ರೂಢಿ ಮಾಡಿಕೊಂಡು, ಸಂಜೆ ಹೋಗುತ್ತಿದ್ದಳು. ಒಂದು ದಿನವೂ ಅವಳು ಆಗುವುದಿಲ್ಲ ಎನ್ನಲಿಲ್ಲ. ನನಗೇ ಎದೆಯಲ್ಲಿ ಹೆದರಿಕೆ ಶುರುವಾಗಿತ್ತು.

ಬುಧವಾರ ಮನಸ್ಸಿಲ್ಲದ ಮನಸ್ಸಿನಿಂದ ಉಮೇಶನನ್ನು ಕರೆಸಿದೆ. ಬಂದವನು ಮೊದಲು ಐದು ನಿಮಿಷ ನಕ್ಕ. ಆಮೇಲೆ ತನ್ನ ಇನ್ನೊಂದು ಹಾರ್ಡ್‌ಡಿಸ್ಕ್ ಜೋಡಿಸಿ, ಈಗ ನೋಡಿ ವಿಂಡೋಸಿನಲ್ಲಿ ಹೇಗೆ ಹಾಡುತ್ತದೆ ಎಂದ. ವಿಂಡೋಸ್ ಬಂತು. ಹಾಡು ಹಾಕಿದ. ಪರದೆಯ ಮೇಲೆ ಹಾಡು ಓಡುತ್ತಿತ್ತು, ಸ್ಪೀಕರ್ ಸುಮ್ಮನಿತ್ತು. ಅವನ ನಗೆ ನಿಂತಿತು. ವಯರು ಎಳೆದ, ಮತ್ತೆ ಚುಚ್ಚಿದ, ಡಬ್ಬಿಯನ್ನು ತಟ್ಟಿದ.

"ಆತು ಇದ್ರ ಕಥೆ," ಎಂದ. "ಲಿನಕ್ಸ್ ಹಾಕಿ ಸೌಂಡಿನ ಚಿಪ್ಪು ಸುಟ್ಟಿರಿ ಅಕ್ಕೋರೆ. ಹೊಸ ಕಾರ್ಡು ಹುಬ್ಬಳ್ಳಿಂದ ಬರೂಕೆ ಹತ್ತು ದಿನ ಬೇಕು."

"ಸಿಡಿ ಹಾಕಿದ್ರೆ ಚಿಪ್ಪು ಸುಡ್ತದಾ? ಅದೆಂತ ಸಿಡಿನಾ, ಸೀಮೆಎಣ್ಣೆನಾ?"

"ನಾ ಹೇಳೂದು ಹೇಳ್ದೆ. ನಾಳೆ ಹೊನ್ನಾವರ ಸಂಘದ ಪ್ರಿಂಟರ್ ರಿಪೇರಿಗೆ ಹೋಗ್ಬೇಕು. ನಾಗಪತಿ ಸಾಹೇಬ್ರಿಗೆ ಮಷಿನ್ ಮೂಕ ಅಂತ ಹೇಳ್ಬಿಡ್ತೆ. ಪಾಪ, ಆ ಹುಡ್ಗಿ ಸುಮ್ನೆ ಅಷ್ಟು ದೂರ ಹೋಗಿ ಮರ್ಯಾದೆ ಕಳ್ಕಳ್ಳೂದು ಬೇಡ."

"ಅವ್ಳ ಮರ್ಯಾದೆ ಕಾಯೂಕೆ ನಿನ್ನ ಇಟ್ಕಂಡಿಲ್ಲ. ಮೆಟ್ಲು ಇಳಿ," ಎಂದೆ.

ಅವನು ಇಳಿದು ಹೋದ. ನಾನು ಆ ಡಬ್ಬಿಯನ್ನು ನೋಡುತ್ತಾ ಕೂತೆ. ಸಿಟ್ಟಿನಲ್ಲಿ ಕಣ್ಣಿನಲ್ಲಿ ನೀರು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕಣ್ಣೊರೆಸಿಕೊಂಡ ಮೇಲೆ ಒಂದು ಮಾತು ಹೊಳೆಯಿತು. ಲಿನಕ್ಸಿನಲ್ಲೂ ಮೂಕ, ವಿಂಡೋಸಿನಲ್ಲೂ ಮೂಕ. ಹಾಗಾದರೆ ತಪ್ಪು ಲಿನಕ್ಸಿನದ್ದಲ್ಲ. ಉಮೇಶ ತನ್ನ ಕೈಯಾರೆ ಅದನ್ನು ರುಜುವಾತು ಮಾಡಿ ಹೋಗಿದ್ದ, ಪಾಪ ಅವನಿಗೇ ಗೊತ್ತಾಗಲಿಲ್ಲ. ಕಾರ್ಡಿನ ಹೆಸರು ಪಟ್ಟಿಯಲ್ಲಿತ್ತು, ಸ್ಪೀಕರ್ ಭಜನೆ ಹಾಡಿತ್ತು; ಕೆಟ್ಟದ್ದು ಅವೆರಡರ ನಡುವೆ ಎಲ್ಲೋ ಇತ್ತು.

ಗುರುವಾರ ಬೆಳಿಗ್ಗೆ ಬಂಗಾರಿಗೆ ಎಲ್ಲ ಹೇಳಿದೆ. ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಅಕ್ಕೋರೆ, ನಾನು ಒಂದ್ಸಲ ಮುಟ್ಟಿ ನೋಡ್ಲಾ? ನೀವು ಇಷ್ಟು ದಿನ ಬರೀ ನೋಡಿದ್ರಿ," ಎಂದಳು.

ಡಬ್ಬಿಯನ್ನು ತಿರುಗಿಸಿ ಕೊಟ್ಟೆ. ಅವಳು ಸ್ಪೀಕರಿನ ವಯರು ಹಿಡಿದು ಬೆರಳು ಜಾರಿಸುತ್ತಾ ಹಿಂಬದಿಗೆ ಬಂದಳು. ಹಸಿರು ತೂತಿನಿಂದ ಪಿನ್ನನ್ನು ತೆಗೆದು ನೀಲಿಗೆ ಚುಚ್ಚಿದಳು. ಮತ್ತೆ ತೆಗೆದು ಗುಲಾಬಿಗೆ ಚುಚ್ಚಿದಳು. ಮತ್ತೆ ಹಸಿರಿಗೆ ಚುಚ್ಚಿ, ಹೊರಗುಳಿದ ಪಿನ್ನಿನ ಬುಡವನ್ನು ಉಗುರಿನಿಂದ ಅಳೆದಳು.

"ಉಳ್ದ ಎರಡ್ರಲ್ಲಿ ಪೂರಾ ಒಳಗೆ ಹೋಗ್ತದೆ. ಇದ್ರಲ್ಲಿ ಒಂದು ಅಕ್ಕಿಕಾಳಷ್ಟು ಹೊರಗೆ ನಿಲ್ತದೆ," ಎಂದಳು. ಪಿನ್ನನ್ನು ಎಳೆದು ಮೂಗಿಗೆ ಹಿಡಿದಳು. "ಅಕ್ಕೋರೆ, ಇದಕ್ಕೆ ಗಂಧದ ವಾಸ್ನೆ ಎಂತಕ್ಕೆ?"

ಮೂರು ತೂತು, ಮೂರು ಸೇವಂತಿಗೆ ಕಣ್ಣ ಮುಂದೆ ಬಂದವು.

ಟೈಪ್‌ರೈಟರಿನ ಅಕ್ಷರಗಳ ಹೊಟ್ಟೆಯಲ್ಲಿ ಮಸಿ ತುಂಬಿದರೆ ಕೆದಕಿ ತೆಗೆಯಲು ನನ್ನ ಹತ್ತಿರ ಒಂದು ಸಪೂರ ಸೂಜಿಯಿದೆ. ಅದನ್ನು ತಂದು ಹಸಿರು ತೂತಿನೊಳಗೆ ಮೆಲ್ಲಗೆ ಆಡಿಸಿದೆ. ಮೊದಲು ಒಣಗಿದ ಗಂಧದ ಪುಡಿ ಉದುರಿತು. ಆಮೇಲೆ ಹೂವಿನ ತೊಟ್ಟಿನ ಒಂದು ತುಂಡು ಬಂತು, ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಬಾಡಿದ ಹೂವು ಕಿತ್ತಾಗ ತೊಟ್ಟು ಮುರಿದು ಒಳಗೇ ಉಳಿದಿತ್ತು. ಹನ್ನೊಂದು ಹಾಳೆಯಲ್ಲಿ ಎಲ್ಲೂ ಇದನ್ನು ಬರೆದಿರಲಿಲ್ಲ. ಜರ್ಮನಿಯವನಿಗೆ ಈ ಕಷ್ಟ ಬರುವುದೇ ಇಲ್ಲ, ಅವನು ಕಂಪ್ಯೂಟರಿಗೆ ಹೂ ಮುಡಿಸುವುದಿಲ್ಲ.

ಬಂಗಾರಿ ಪಿನ್ನು ಚುಚ್ಚಿದಳು. ಟಕ್ ಎಂದು ಒಳಗೆ ಕೂತಿತು. ನಾನು ಕಂಪ್ಯೂಟರ್ ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ಒಬ್ಬ ಗಂಡಸು ಮೂಗಿನಲ್ಲಿ ಇಂಗ್ಲಿಷ್ ಮಾತಾಡತೊಡಗಿದ. ನೆಗಡಿ ಹಿಡಿದವನ ಧ್ವನಿ ಅದು. ಅಷ್ಟು ಚಂದದ ಧ್ವನಿಯನ್ನು ನಾನು ಆವರೆಗೆ ಕೇಳಿರಲಿಲ್ಲ. ಬಂಗಾರಿ ತನ್ನ ಹೆಸರು ಟೈಪ್ ಮಾಡಿದಳು. ಅವನು ಅದನ್ನು ವಕ್ರವಾಗಿ ಓದಿದ. ಅವಳು ಬಿದ್ದು ಬಿದ್ದು ನಕ್ಕಳು.

ನನಗೆ ನಾಚಿಕೆಯಾಗಿತ್ತು. "ತಪ್ಪು ನಂದು ಬಂಗಾರಿ. ಹನ್ನೊಂದು ದಿನ ಹಾಳು ಮಾಡ್ದೆ," ಎಂದೆ.

"ಪೂಜೆ ಮಾಡಿದ್ದು ತಪ್ಪಲ್ಲ. ತೂತಿಗೆ ಮಾಡಿದ್ದು ಮಾತ್ರ ಹೆಚ್ಚಾತು," ಎಂದಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು. "ಉಮೇಶ ಇವತ್ತು ಹೊನ್ನಾವರಕ್ಕೆ ಹೋಗ್ತೆ ಅಂದಿದ್ನಾ?"

"ಹೌದು. ಮಷಿನ್ ಮೂಕ ಅಂತ ಸಾರೂಕೆ. ತಡಿ, ಈಗ್ಲೇ ಫೋನ್ ಮಾಡಿ ಅವ್ನಿಗೆ ಹೇಳ್ತೆ."

"ಬೇಡ ಅಕ್ಕೋರೆ. ಮೂಕ ಅಂತ್ಲೇ ಹೇಳ್ಕಳ್ಲಿ. ಮಾತಾಡ್ತದೆ ಅಂತ ಗೊತ್ತಾದ್ರೆ ನಾಗಪತಿ ಸಾಹೇಬ್ರು ನಾಳೆ ಒಳಗೆ ಬೇರೆ ಎಂತಾದ್ರೂ ನೆಪ ಹುಡ್ಕಿ ಇಡ್ತ್ರು."

ಅವಳಿಗೆ ಪಾಠ ಹೇಳಿದವಳು ನಾನು ಎಂದುಕೊಂಡಿದ್ದೆ. ಆ ದಿನ ಅವಳು ಹೇಳಿದಂತೆ ಕೇಳಿದೆ.

ಶುಕ್ರವಾರ ಬೆಳಿಗ್ಗೆ ಡಬ್ಬಿಯನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಕುಮಟೆಯಿಂದ ಬಸ್ಸು ಹತ್ತಿದೆ. ಹಳದೀಪುರದಲ್ಲಿ ಬಂಗಾರಿ ಹತ್ತಿದಳು. ಅಮ್ಮನಿಗೆ ಕೂಲಿ ತಪ್ಪಿಸುವುದು ಬೇಡ ಎಂದು ಒಬ್ಬಳೇ ಬಂದಿದ್ದಳು. ಕಂಡಕ್ಟರ್ ಡಬ್ಬಿಗೂ ಟಿಕೇಟ್ ತೆಗೆಯಬೇಕು ಎಂದ. ತೊಡೆಯ ಮೇಲೆ ಕೂತ ಮಗುವಿಗೆ ನಿಮ್ಮಲ್ಲಿ ಟಿಕೇಟ್ ಇದೆಯಾ ಎಂದು ಕೇಳಿದೆ. ಅವನು ಮುಂದೆ ಹೋದ.

ಸಂಘದ ಆಫೀಸಿನಲ್ಲಿ ಉದ್ದ ಮೇಜಿನ ಹಿಂದೆ ನಾಗಪತಿ ಕೂತಿದ್ದ. ಪಕ್ಕದಲ್ಲಿ ಅಧ್ಯಕ್ಷ ವೆಂಕಟ್ರಮಣ ನಾಯ್ಕರು, ಎಪ್ಪತ್ತು ದಾಟಿದ ತೋಟಗಾರರು. ಕಿವಿ ಸ್ವಲ್ಪ ಮಂದ, ಇಂಗ್ಲಿಷ್ ಬಾರದು, ಕಾಗದಗಳಿಗೆ ನಾಗಪತಿ ತೋರಿಸಿದಲ್ಲಿ ಸಹಿ ಹಾಕುವವರು. ಇನ್ನಿಬ್ಬರು ಸದಸ್ಯರು ಚಹಾ ಕುಡಿಯುತ್ತಿದ್ದರು. ನಾನು ಡಬ್ಬಿ, ಕೀಲಿಮಣೆ, ಸ್ಪೀಕರ್ ಮೇಜಿನ ಮೇಲಿಟ್ಟೆ.

"ಪರದೆ ಎಲ್ಲಿ?" ಎಂದು ನಾಗಪತಿ ಕೇಳಿದ.

"ತರ್ಲಿಲ್ಲ. ನಂಗೆ ಎಂತಕ್ಕೆ ಸಾಹೇಬ್ರೆ?" ಎಂದಳು ಬಂಗಾರಿ.

ಸದಸ್ಯರಿಬ್ಬರೂ ಮುಖಮುಖ ನೋಡಿಕೊಂಡರು. ನಾಗಪತಿ ನಕ್ಕ. "ಉಮೇಶ ನಿನ್ನೆ ಬಂದಿದ್ದ. ಸೌಂಡ್ ಇಲ್ಲ ಅಂದ. ಪರದೆನೂ ಇಲ್ಲ, ಸೌಂಡೂ ಇಲ್ಲ. ಆತು, ಬಂದ ಮೇಲೆ ಪರೀಕ್ಷೆ ಮಾಡ್ದೆ ಅಂತ ಆಗ್ಬೇಕಲ್ಲ." ತನ್ನ ಮೇಜಿನ ಡ್ರಾಯರಿನಿಂದ ಒಂದು ಫ್ಲಾಪಿ ತೆಗೆದು ಅವಳ ಮುಂದೆ ಇಟ್ಟ. "ಇದ್ರಲ್ಲಿ ಈ ತಿಂಗ್ಳ ಪತ್ರ ಎಲ್ಲ ಅದೆ. ಯಾವ್ದಾದ್ರೂ ಒಂದು ಓದು."

ಯಾವುದಾದರೂ ಒಂದು, ಎಂದು ಅವನು ಹೇಳಿದ್ದನ್ನು ನಾಲ್ಕು ಜನ ಕೇಳಿದ್ದಾರೆ.

ಬಂಗಾರಿ ಫ್ಲಾಪಿ ಹಾಕಿದಳು. ಸ್ಪೀಕರಿನ ತಿರುಗಣೆಯನ್ನು ಸ್ವಲ್ಪವೇ ತೆರೆದಳು. ಕೆಳಬಾಣದ ಕೀಲಿ ಒತ್ತಿದಳು. ನೆಗಡಿಯ ಗಂಡಸು ಫ್ಲಾಪಿಯಲ್ಲಿದ್ದ ಪತ್ರಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದ. ಮುಂಬಯಿ ಕೊಬ್ಬರಿ. ಸೆಪ್ಟೆಂಬರ್ ಮೀಟಿಂಗ್. ಲಾರಿ ಬಾಡಿಗೆ. ನಾಗಪತಿಯ ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು. ಬಂಗಾರಿ ಮತ್ತೊಮ್ಮೆ ಒತ್ತಿದಳು. ಬ್ಲೈಂಡ್ ಪೋಸ್ಟ್ ರಿಪೋರ್ಟ್, ಎಂದ ಗಂಡಸು.

ಅವಳ ಬೆರಳು ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಎಂಟರ್ ಒತ್ತಿದಳು.

"ಅದು ಬೇಡ, ಅದು ಬೇರೆ, ಮುಂಬಯಿದು ಓದು," ಎಂದು ನಾಗಪತಿ ಎದ್ದು ನಿಂತ. ಆದರೆ ನಿಲ್ಲಿಸುವುದು ಹೇಗೆ? ನೋಡಿ ಮುಚ್ಚಲು ಪರದೆಯೇ ಇರಲಿಲ್ಲ. ಗಂಡಸು ಓದುತ್ತಾ ಹೋದ, ನಿಧಾನವಾಗಿ, ತಾರೀಖಿನ ಸಮೇತ, ಕೆಳಗೆ ನಾಗಪತಿಯ ಹೆಸರು ಬರುವವರೆಗೂ.

ವೆಂಕಟ್ರಮಣ ನಾಯ್ಕರು ಕಿವಿಗೆ ಕೈ ಇಟ್ಟುಕೊಂಡು ಬಗ್ಗಿದ್ದರು. "ಎಂತ ಹೇಳ್ತು ಅದು? ನಂಗೆ ಸಮಾ ಕೇಳ್ಲಿಲ್ಲ."

"ಸೌಂಡು ಕಮ್ಮಿ ಆತು ಸಾಹೇಬ್ರೆ. ಇನ್ನೊಂದ್ಸಲ ಓದಿಸ್ತೆ," ಎಂದಳು ಬಂಗಾರಿ. ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದಳು. ಆ ಸಲ ರಸ್ತೆಯಾಚೆಯ ಚಹಾದಂಗಡಿಯವನೂ ತಲೆ ಎತ್ತಿ ನೋಡಿದ.

ಓದಿ ಮುಗಿದ ಮೇಲೆ ನಾಯ್ಕರು ನನ್ನ ಕಡೆ ತಿರುಗಿದರು. "ಅಕ್ಕೋರೆ, ಅರ್ಥ ಹೇಳಿ." ಅರ್ಥ ಹೇಳುವುದು ನನ್ನ ಕಸುಬು. ಎದ್ದು ನಿಂತು, ಒಂದೊಂದು ಶಬ್ದವನ್ನೂ ಬಿಡಿಸಿ, ಕನ್ನಡದಲ್ಲಿ ಹೇಳಿದೆ. ಇಂದು ದಿನಾಂಕ ಹದಿಮೂರರಂದು ಅಂಧ ಅಭ್ಯರ್ಥಿಯನ್ನು ಅಧ್ಯಕ್ಷರ ಸಮಕ್ಷಮ ಪರೀಕ್ಷಿಸಲಾಯಿತು. ಆಕೆಗೆ ಕಂಪ್ಯೂಟರಿನಲ್ಲಿ ಪತ್ರವನ್ನು ಓದಲು ಬರುವುದಿಲ್ಲವೆಂದು ಕಂಡುಬಂದಿದೆ. ಆದ್ದರಿಂದ ಈ ಹುದ್ದೆಯನ್ನು ಸಾಮಾನ್ಯರಿಂದ ತುಂಬಲು ಅಪ್ಪಣೆ ಕೊಡಬೇಕು.

"ಇವತ್ತಿನ ತಾರೀಖಾ?" ಎಂದರು ನಾಯ್ಕರು. "ಪರೀಕ್ಷೆ ಈಗ ನಡೀತಾ ಅದೆ. ನಾಗಪತಿ, ಇದು ಯಾವಾಗ ಬರ್ದದ್ದು?"

"ಅದು ಬರೀ ನಮೂನೆ. ಅನುಕೂಲಕ್ಕೆ ಅಂತ ನಿನ್ನೆ... ಉಮೇಶ ಮೂಕ ಅಂದ ಮೇಲೆ..." ನಾಗಪತಿ ಕೂತ. ಮತ್ತೆ ಎದ್ದ. "ಆದ್ರೂ ಓದಿದ್ದು ಮಷಿನ್ನು. ಇವ್ಳು ಓದಿದ್ದಲ್ಲ."

ನನಗೆ ಮೈ ಉರಿದು ಬಾಯಿ ತೆರೆದಿದ್ದೆ. ಬಂಗಾರಿ ನನ್ನ ಕೈ ಮೇಲೆ ಕೈ ಇಟ್ಟಳು.

"ಸಾಹೇಬ್ರೆ, ನಿಮ್ಮ ಕನ್ನಡ್ಕ ತೆಗ್ದಿಟ್ಟು ನೀವೂ ಒಂದು ಪತ್ರ ಓದಿ," ಎಂದಳು. ಅವಳ ಧ್ವನಿ ಏರಲಿಲ್ಲ. "ನಂಗೆ ಓದೂಕೆ ಬರೂದಿಲ್ಲ ಅಂತ ನೀವು ಬರೆದಿದ್ರಿ. ಅದನ್ನ ಇಲ್ಲಿ ಎಲ್ರಿಗೂ ಓದಿ ಹೇಳಿದ್ದು ನಾನೇ. ಬೇಕಾದ್ರೆ ಮೂರ್ನೇ ಸಲನೂ ಓದಿಸ್ತೆ."

ಸದಸ್ಯರಲ್ಲೊಬ್ಬರು ಮುಸಿಮುಸಿ ನಕ್ಕು ಕೆಮ್ಮಿದರು. ನಾಯ್ಕರು ತಮ್ಮ ಪೆನ್ನನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು.

"ಓದೂದು ಆತು. ಬರೆಯೂದು ಒಂದು ಉಳೀತು," ಎಂದರು. "ನಾಗಪತಿ, ಈ ಹುಡ್ಗಿಗೆ ಕೆಲ್ಸ ಕೊಟ್ಟಿದ್ದೇವೆ ಅಂತ ಆರ್ಡರ್ ಕಾಗ್ದ ಆಗ್ಬೇಕು. ನೀ ಬಾಯಲ್ಲಿ ಹೇಳು, ಅವ್ಳು ಹೊಡೀಲಿ. ಅದೇ ಪರೀಕ್ಷೆ."

ನಾಗಪತಿ ಗೋಡೆ ನೋಡಿದ, ಫ್ಯಾನು ನೋಡಿದ. ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಮೊದಲ ಸಾಲು ಹೇಳಿದ. ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಬಂಗಾರಿ ಅದನ್ನು ಹೊಡೆದು ಮುಗಿಸಿ, ಬೆರಳುಗಳನ್ನು ನಾನು ಕಲಿಸಿದ ಜಾಗಕ್ಕೆ ತಂದಿಟ್ಟುಕೊಂಡು ಕಾದಳು. ಅವನು ಮತ್ತೆ ಫ್ಯಾನು ನೋಡಿದ.

"ಮುಂದೆ ಹೇಳಿ ಸಾಹೇಬ್ರೆ," ಎಂದಳು. "ನಾನು ಕಾಯ್ತೆ."